ಪಿಲಾತನ ಕೈಗಳು, ದಾದಿಯ ಕೈಗಳು



ಗರಿಗಳ ಭಾನುವಾರದಂದು ಸಂತ ಮತ್ತಾಯರ ಶುಭಸಂದೇಶದಿಂದ ಪ್ರಭುವಿನ ಪಾಡುಗಳ ವೃತ್ತಾಂತವನ್ನು ಓದುವ ವರ್ಷಗಳಲ್ಲಿ ನಾವೆಲ್ಲರೂ ಕೇಳುವ ಒಂದು ಘಟನೆ ಇದೆ. ಜನರ ಗದ್ದಲಕ್ಕೆ ಹೆದರಿದ ಪಿಲಾತನು ನೀರು ತರಿಸಿ, ಎಲ್ಲರ ಎದುರಿನಲ್ಲೇ ಕೈ ತೊಳೆದುಕೊಳ್ಳುತ್ತಾನೆ. ಈ ಮನುಷ್ಯನ ಸಾವಿಗೆ ತಾನು ಹೊಣೆಯಲ್ಲವೆಂದು ಸಾರುತ್ತಾನೆ (ಮತ್ತಾ 27:24). ಕೈ ಶುದ್ಧವಾಯಿತು, ಹೊಣೆ ಮಾತ್ರ ಹೋಗಲಿಲ್ಲ. ಇಂದಿಗೂ ಜವಾಬ್ದಾರಿಯನ್ನು ಕಳಚಿಕೊಂಡವನನ್ನು ಕುರಿತು 'ಅವನು ಕೈ ತೊಳೆದುಕೊಂಡುಬಿಟ್ಟ' ಎಂದೇ ನಾವು ಆಡುತ್ತೇವೆ.

ಇನ್ನೊಂದು ಬಗೆಯ ಕೈತೊಳೆಯುವಿಕೆಯನ್ನು ಕುರಿತು ಇಂದು ನಿಮ್ಮೊಂದಿಗೆ ಚಿಂತಿಸಬೇಕೆಂದಿದ್ದೇನೆ. ಆಸ್ಪತ್ರೆಯ ವಾರ್ಡು. ರಾತ್ರಿ ಎರಡು ಗಂಟೆ. ರೋಗಿಗಳೂ ಅವರ ಪಕ್ಕದಲ್ಲಿ ಚಾಪೆ ಹಾಸಿಕೊಂಡ ಮನೆಯವರೂ ನಿದ್ದೆಯಲ್ಲಿದ್ದಾರೆ. ದಾದಿಯೊಬ್ಬಳು ಒಬ್ಬ ರೋಗಿಯ ಗಾಯದ ಪಟ್ಟಿ ಬದಲಾಯಿಸಿ, ಮುಂದಿನ ಹಾಸಿಗೆಯತ್ತ ಹೋಗುವ ಮೊದಲು ಕೈ ಶುಚಿಮಾಡಿಕೊಳ್ಳುತ್ತಾಳೆ. ಹೆಚ್ಚೆಂದರೆ ಅರ್ಧ ನಿಮಿಷದ ಕೆಲಸ. ಆಕೆ ಅದನ್ನು ಮಾಡಿದಳೋ ಇಲ್ಲವೋ ನೋಡಿದವರಿಲ್ಲ. ಮಾಡದೆ ಮುಂದೆ ಹೋಗಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ. ಆಗಿದ್ದರೂ ಅದು ಈ ಕೈಯಿಂದಲೇ ಆಯಿತೆಂದು ಯಾರೂ ಹೇಳಲಾರರು.

ಪಿಲಾತ ಎಲ್ಲರೂ ನೋಡಲೆಂದು ಕೈ ತೊಳೆದ, ಹೊಣೆಯಿಂದ ಪಾರಾಗಲು. ದಾದಿ ಯಾರೂ ನೋಡದಿರುವಾಗ ಕೈ ತೊಳೆಯುತ್ತಾಳೆ, ಹೊಣೆಯನ್ನು ಹೊರಲು. ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ ಇದು: ಯಾರೂ ನೋಡದ, ಯಾರಿಗೂ ಎಂದೂ ಗೊತ್ತಾಗದ ಆ ಅರ್ಧ ನಿಮಿಷವನ್ನು ಬಿಟ್ಟುಬಿಟ್ಟರೆ ಅದು ಪಾಪವೇ? ಪಾಪವೇ ಆದರೆ ಅದು ಯಾರ ಪಾಪ?

ವಿಯೆನ್ನಾದ ಎರಡು ವಾರ್ಡುಗಳು

ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. 1840ರ ದಶಕದಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದ ತಾಯಂದಿರಲ್ಲಿ ನೂರಕ್ಕೆ ಹನ್ನೊಂದು ಮಂದಿ ಬಾಣಂತಿ ನಂಜಿನಿಂದ ತೀರಿಕೊಂಡರು. ಎರಡನೆಯದರಲ್ಲಿ ನೂರಕ್ಕೆ ಮೂವರಿಗಿಂತ ಕಡಿಮೆ. ಮೊದಲನೆಯ ವಿಭಾಗಕ್ಕೆ ಮಾತ್ರ ಸೇರಿಸಬೇಡಿರೆಂದು ಬಡ ಹೆಂಗಸರು ಕೈಮುಗಿದು ಬೇಡಿಕೊಳ್ಳುತ್ತಿದ್ದರಂತೆ.

ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಯುವ ವೈದ್ಯರು ಕಾರಣ ಹುಡುಕಲು ಹೊರಟರು. ಅವರು ಪರೀಕ್ಷಿಸಿ ನೋಡಿದ ಅನುಮಾನಗಳಲ್ಲಿ ಒಂದು ನಮ್ಮಂಥ ಗುರುಗಳಿಗೆ ಸಂಬಂಧಿಸಿದ್ದು! ಸಾಯುವ ಸ್ಥಿತಿಯಲ್ಲಿದ್ದವರಿಗೆ ಕೊನೆಯ ಸಂಸ್ಕಾರ ಕೊಡಲು ಬರುವ ಗುರುಗಳು ಮೊದಲನೆಯ ವಿಭಾಗದ ವಾರ್ಡುಗಳ ನಡುವೆಯೇ ಹಾದುಹೋಗಬೇಕಾಗಿತ್ತು. ಮುಂದೆ ಒಬ್ಬ ಗಂಟೆ ಬಾರಿಸುತ್ತಾ ನಡೆಯುತ್ತಿದ್ದ. ಆ ಗಂಟೆಯ ಸದ್ದಿಗೆ ಹೆದರಿಯೇ ಬಾಣಂತಿಯರು ಜ್ವರಕ್ಕೆ ಬೀಳುತ್ತಿರಬಹುದೇ? ಸೆಮ್ಮೆಲ್ವೈಸ್ ಗುರುಗಳನ್ನು ಕೇಳಿಕೊಂಡರು. ಅವರು ಗಂಟೆ ಬಾರಿಸದೆ ಸುತ್ತು ದಾರಿಯಲ್ಲಿ ಬರತೊಡಗಿದರು. ಸಾವು ಕಡಿಮೆಯಾಗಲಿಲ್ಲ. ಗಂಟೆ ನಿರಪರಾಧಿಯೆಂದು ತೀರ್ಮಾನವಾಯಿತು.

1847ರಲ್ಲಿ ಸಹೋದ್ಯೋಗಿ ವೈದ್ಯರೊಬ್ಬರು ಶವಪರೀಕ್ಷೆಯ ವೇಳೆ ಚಾಕು ತಗುಲಿ, ಬಾಣಂತಿಯರಿಗೆ ಬರುವಂಥದೇ ನಂಜಿನಿಂದ ಸತ್ತಾಗ ಸತ್ಯ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸಾವು ಅವರ ಕೈಗಳಲ್ಲೇ ಬರುತ್ತಿತ್ತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಸೆಮ್ಮೆಲ್ವೈಸ್ ಕಟ್ಟಪ್ಪಣೆ ಮಾಡಿದರು. 1848ರಲ್ಲಿ ಆ ವಿಭಾಗದ ಸಾವು ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ಆದರೂ ಅನೇಕ ವೈದ್ಯರಿಗೆ ಈ ಮಾತು ಅವಮಾನವೆನಿಸಿತು. ಗುಣಪಡಿಸುವ ತಮ್ಮ ಕೈಗಳೇ ಕೊಲ್ಲುತ್ತವೆಂದು ಒಪ್ಪಲು ಅವರ ಮನಸ್ಸು ಸಿದ್ಧವಿರಲಿಲ್ಲ. ಸೆಮ್ಮೆಲ್ವೈಸ್ 1865ರಲ್ಲಿ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಕೊನೆಯುಸಿರೆಳೆದರು.

ಆ ವೈದ್ಯರು ದುಷ್ಟರಾಗಿರಲಿಲ್ಲ. 1847ಕ್ಕೆ ಮೊದಲು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ತಿಳಿಯಲು ಸಾಧ್ಯವೇ ಇಲ್ಲದಿದ್ದುದಕ್ಕೆ ದೇವರು ಯಾರನ್ನೂ ದೋಷಿಯೆಂದು ಎಣಿಸುವುದಿಲ್ಲ. ಆದರೆ ತೋರಿಸಿಕೊಟ್ಟ ಮೇಲೂ ನೋಡಲು ಒಪ್ಪದಿರುವುದು ಬೇರೆಯೇ ಮಾತು. ಅಲ್ಲಿ ಅಜ್ಞಾನ ಮುಗಿದು ಅಹಂಕಾರ ಆರಂಭವಾಗುತ್ತದೆ.

ಯಾರೂ ಎಣಿಸದ ಪುಣ್ಯ

ಇಂದು ನಮಗೆ ತಿಳಿದಿಲ್ಲವೆಂದು ಹೇಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ, ನಳಿಗೆ, ಗಾಯದ ಪಟ್ಟಿಯಂಥ ಶುದ್ಧ ಕೆಲಸಗಳ ಮೊದಲು, ರಕ್ತ ಮುಂತಾದವು ತಗುಲುವಂಥ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಅವನ ಹಾಸಿಗೆ, ಮೇಜುಗಳನ್ನು ಮುಟ್ಟಿದ ನಂತರ. ಅದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಮ್ಮಂಥ ದೇಶಗಳಲ್ಲಿ ಆಸ್ಪತ್ರೆಗೆ ಸೇರುವ ನೂರು ರೋಗಿಗಳಲ್ಲಿ ಹದಿನೈದು ಮಂದಿಗೆ ಆಸ್ಪತ್ರೆಯಲ್ಲೇ ಹೊಸದೊಂದು ಸೋಂಕು ತಗುಲುತ್ತದೆ. ಶ್ರೀಮಂತ ದೇಶಗಳಲ್ಲೂ ಏಳು ಮಂದಿಗೆ. ಹಾಗೆ ಸೋಂಕು ತಗುಲಿದವರಲ್ಲಿ ಹತ್ತಕ್ಕೆ ಒಬ್ಬರು ಸಾಯುತ್ತಾರೆ. ಕೈಗಳ ಶುಚಿತ್ವ ಮತ್ತು ಅಂಥ ಸರಳ ಕ್ರಮಗಳಿಂದ ಈ ಸೋಂಕುಗಳಲ್ಲಿ ನೂರಕ್ಕೆ ಎಪ್ಪತ್ತನ್ನು ತಡೆಯಬಹುದೆಂದು ಆ ವರದಿ ಹೇಳುತ್ತದೆ.

ತಡೆಯುವ ಕೆಲಸದ ಸ್ವಭಾವವೇ ವಿಚಿತ್ರ. ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದ ವೈದ್ಯರ ಕಾಲಿಗೆ ನಾವು ಬೀಳುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಅವರ ಹೆಸರಿನಲ್ಲಿ ಪೂಜೆಯನ್ನೂ ಹೇಳಿಸುತ್ತೇವೆ. ಒಳ್ಳೆಯದೇ. ಆದರೆ ಬರಬಹುದಾಗಿದ್ದ ನಂಜು ಬಾರದೆ ಹೋದುದಕ್ಕೆ ಯಾರಿಗೆ ಕೃತಜ್ಞತೆ ಹೇಳೋಣ? ದಾದಿಯ ಶುಚಿಯಾದ ಕೈಯಿಂದ ಬದುಕಿ ಉಳಿದವನಿಗೆ ತಾನು ಬದುಕಿ ಉಳಿದೆನೆಂಬುದೇ ಗೊತ್ತಿಲ್ಲ. ಏನೂ ಆಗದೆ ಇರುವುದೇ ಆಕೆಯ ಕೆಲಸದ ಫಲ. ಆ 'ಏನೂ ಆಗಲಿಲ್ಲ' ಎಂಬುದಕ್ಕೆ ಫೋಟೋ ಇಲ್ಲ, ಸನ್ಮಾನವಿಲ್ಲ.

ಬಲಗೈ ಮಾಡಿದ ದಾನ ಎಡಗೈಗೆ ತಿಳಿಯದಿರಲಿ, ಅಂತರಂಗದಲ್ಲಿ ನಡೆದುದನ್ನು ಕಾಣುವ ತಂದೆ ಪ್ರತಿಫಲ ಕೊಡುವರು ಎಂದು ಪ್ರಭು ಕಲಿಸಿದರು (ಮತ್ತಾ 6:3-4). ಈ ಮಾತನ್ನು ನಾವು ಹುಂಡಿಗೆ ಹಾಕುವ ಕಾಣಿಕೆಗೆ ಮಾತ್ರ ಹೊಂದಿಸುತ್ತೇವೆ. ರಾತ್ರಿ ಪಾಳಿಯ ದಾದಿಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆಯಲ್ಲವೇ? ಆಕೆಯ ಪುಣ್ಯದ ಲೆಕ್ಕ ಎಡಗೈಗೂ ತಿಳಿಯದು, ರೋಗಿಗೂ ತಿಳಿಯದು.

ಮುಂದಿನ ಹಾಸಿಗೆಯ ನೆರೆಯವನು

ಇಲ್ಲಿ ಇಬ್ಬರು ಪ್ರಶ್ನೆ ಎತ್ತಬಹುದು. ಶುಭಸಂದೇಶವನ್ನು ಬಲ್ಲವರೊಬ್ಬರು ಹೀಗೆನ್ನಬಹುದು: "ಫಾದರ್, ಕೈ ತೊಳೆಯದೆ ಊಟಮಾಡಿದ ಶಿಷ್ಯರ ಪರವಾಗಿ ಯೇಸುವೇ ಫರಿಸಾಯರೊಡನೆ ವಾದಿಸಲಿಲ್ಲವೇ? (ಮಾರ್ಕ 7:1-23)" ನಿಜ. ಆದರೆ ಅಲ್ಲಿ ವಾದ ರೋಗಾಣುಗಳ ಬಗ್ಗೆ ಅಲ್ಲ, ದೇವರ ಮುಂದೆ ಯಾರು ಶುದ್ಧರು ಎಂಬುದರ ಬಗ್ಗೆ. ಫರಿಸಾಯನು ತಾನು ಇತರರಿಗಿಂತ ಶುದ್ಧನೆಂದು ತೋರಲು, ಅವರಿಂದ ದೂರ ನಿಲ್ಲಲು ಕೈ ತೊಳೆದ. ದಾದಿ ರೋಗಿಯ ಹತ್ತಿರ ಹೋಗಲು ಕೈ ತೊಳೆಯುತ್ತಾಳೆ. ನೀರು ಒಂದೇ, ಉದ್ದೇಶ ಮಾತ್ರ ಉತ್ತರ ದಕ್ಷಿಣ.

ಇನ್ನೊಬ್ಬರದು ಮನಸ್ಸಿಗೆ ನೋವಾದವರ ಮಾತು. "ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ನಮ್ಮ ತಾಯಿಯನ್ನು ಮುಟ್ಟಲು ಈ ನರ್ಸಮ್ಮ ಗ್ಲೌಸ್ ಹಾಕಿಕೊಳ್ಳುತ್ತಾಳೆ. ನಾವೇನು ಅಷ್ಟು ಹೇಸಿಗೆಯವರೇ?" ಮುಟ್ಟು-ಮೈಲಿಗೆಯ ಹೆಸರಿನಲ್ಲಿ ತಲೆಮಾರುಗಳ ಕಾಲ ಅವಮಾನ ಉಂಡ ನಮ್ಮ ನಾಡಿನಲ್ಲಿ ಈ ನೋವನ್ನು ಹಗುರವಾಗಿ ತಳ್ಳಿಹಾಕಬಾರದು. ದಾದಿಯರೂ ಇದನ್ನು ಮನಸ್ಸಿನಲ್ಲಿಡಬೇಕು. ಕೈಗೆ ಗ್ಲೌಸ್ ಇರಲಿ, ಮುಖಕ್ಕೆ ಬೇಡ. ಹೆಸರು ಹಿಡಿದು ಕರೆಯುವ ಒಂದು ಮಾತು, ಏಕೆ ಹೀಗೆ ಮಾಡುತ್ತಿದ್ದೇನೆ ಎಂಬ ಒಂದು ವಿವರಣೆ ಆ ಗ್ಲೌಸಿನ ತಣ್ಣಗೆಯ ಸ್ಪರ್ಶವನ್ನು ಬೆಚ್ಚಗಾಗಿಸುತ್ತದೆ. ಹಾಗೆಯೇ ನಾವೂ ಒಂದು ವಿಷಯವನ್ನು ತಿಳಿಯಬೇಕು. ಆ ಗ್ಲೌಸ್, ಆ ಕೈತೊಳೆಯುವಿಕೆ ನಿಮ್ಮ ತಾಯಿಗಾಗಿ ಮಾತ್ರವಲ್ಲ, ಪಕ್ಕದ ಹಾಸಿಗೆಯಲ್ಲಿರುವ ಇನ್ನಾರದೋ ತಾಯಿಗಾಗಿ. ಅಲ್ಲಿಂದ ಇಲ್ಲಿಗೆ ಬರುವಾಗ ಅದು ನಿಮ್ಮ ತಾಯಿಯನ್ನೂ ಕಾಪಾಡಿದೆ.

ನನ್ನ ನೆರೆಯವನು ಯಾರು? ಧರ್ಮಶಾಸ್ತ್ರಿಯ ಈ ಪ್ರಶ್ನೆಗೆ ಪ್ರಭು ಸಮಾರಿಯದವನ ಸಾಮತಿಯನ್ನು ಉತ್ತರವಾಗಿ ಕೊಟ್ಟರು (ಲೂಕ 10:25-37). ದಾರಿಯಲ್ಲಿ ಕಣ್ಣಿಗೆ ಬಿದ್ದವನೇ ನೆರೆಯವನು. ಶುಶ್ರೂಷೆಯ ವೃತ್ತಿ ಈ ಉತ್ತರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ: ಇನ್ನೂ ಕಣ್ಣಿಗೆ ಬೀಳದವನೂ ನೆರೆಯವನೇ. ಮುಂದಿನ ಹಾಸಿಗೆಯಲ್ಲಿರುವವನು, ನಾಳೆ ದಾಖಲಾಗುವವನು, ಸಂಜೆ ದಾದಿ ಮನೆಗೆ ಹೋದಾಗ ಓಡಿಬಂದು ತಬ್ಬಿಕೊಳ್ಳುವ ಆಕೆಯ ಮಗು, ಎಲ್ಲರೂ ಆ ಅರ್ಧ ನಿಮಿಷವನ್ನು ಅವಲಂಬಿಸಿದ್ದಾರೆ. ಎದುರಿಗೆ ನರಳುವವನನ್ನು ಕಂಡಾಗ ಕರುಳು ತಾನಾಗಿಯೇ ಚುರುಕ್ ಎನ್ನುತ್ತದೆ. ಕಾಣದವನ ಮೇಲಿನ ಪ್ರೀತಿಗೆ ಕರುಳಷ್ಟೇ ಸಾಲದು, ವಿವೇಕವೂ ಬೇಕು.

ಪಾಪ ಯಾರದು?

ಈಗ ಮೊದಲ ಪ್ರಶ್ನೆಗೆ ಬರೋಣ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ತಪ್ಪುಗಳನ್ನು ಮಾತ್ರವಲ್ಲ, ಮಾಡಬೇಕಾಗಿದ್ದು ಮಾಡದೆ ಬಿಟ್ಟ ಕರ್ತವ್ಯಗಳನ್ನೂ ದೇವರ ಮುಂದೆ ಒಪ್ಪಿಕೊಳ್ಳುತ್ತೇವೆ. ಸಂತ ತೋಮಸ್ ಅಕ್ವಿನಾಸರು ಅಲಕ್ಷ್ಯವನ್ನು ವಿವೇಕವೆಂಬ ಸದ್ಗುಣಕ್ಕೆ ವಿರುದ್ಧವಾದ ಪಾಪಗಳಲ್ಲಿ ಎಣಿಸಿದ್ದಾರೆ. ಕೇಡು ಮಾಡಬೇಕೆಂಬ ಇಚ್ಛೆ ಅಲ್ಲಿಲ್ಲ. ಇರಬೇಕಾದ ಎಚ್ಚರ ಇಲ್ಲ, ಅಷ್ಟೆ. ಆ ಕೊರತೆಯೂ ದೋಷವೇ. ತಿಳಿದಿದ್ದೂ, ಸಮಯವಿದ್ದೂ, ಸಾಬೂನು ನೀರಿದ್ದೂ, 'ಒಂದು ಸಲ ಬಿಟ್ಟರೆ ಏನಾಗುತ್ತದೆ' ಎಂದು ಮುಂದೆ ನಡೆದರೆ, ಹೌದು, ಅದು ಪಾಪವೇ. ಏನೂ ಆಗಲಿಲ್ಲವೆಂಬುದು ದೇವರ ಕರುಣೆಯೇ ಹೊರತು ನಮ್ಮ ನಿರಪರಾಧಕ್ಕೆ ಸಾಕ್ಷಿಯಲ್ಲ. ಈ ಮಾತು ವೈದ್ಯರಿಗೂ ಅನ್ವಯ, ರೋಗಿಗಳಿಗೆ ಅಭ್ಯಂಗ ಮಾಡುತ್ತಾ ಹಾಸಿಗೆಯಿಂದ ಹಾಸಿಗೆಗೆ ಹೋಗುವ ನಮ್ಮಂಥ ಗುರುಗಳಿಗೂ ಅನ್ವಯ. ಪವಿತ್ರ ತೈಲ ಹಚ್ಚುವ ಕೈಯಿಂದಲೂ ರೋಗಾಣು ಹರಡಬಲ್ಲದು.

ಆದರೆ ನೀತಿಶಾಸ್ತ್ರದ ಇನ್ನೊಂದು ಹಳೆಯ ಸೂತ್ರವನ್ನೂ ಮರೆಯಬಾರದು: ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ರಾತ್ರಿ ಪಾಳಿಯಲ್ಲಿ ಮೂವತ್ತು ರೋಗಿಗಳಿಗೆ ಒಬ್ಬಳೇ ದಾದಿ. ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಒಂದೇ ಸಲ, ಅರ್ಧ ನಿಮಿಷ ಕೈ ಶುಚಿಮಾಡಿಕೊಂಡರೂ ಒಂದು ಸುತ್ತಿಗೆ ಹದಿನೈದು ನಿಮಿಷ. ನಾಲ್ಕು ಸುತ್ತು ಹಾಕಿದರೆ ಒಂದು ಗಂಟೆ. ನಡುವೆ ಒಬ್ಬರಿಗೆ ಉಸಿರಾಟದ ತೊಂದರೆ, ಇನ್ನೊಬ್ಬರ ಡ್ರಿಪ್ ಮುಗಿದಿದೆ, ಮತ್ತೊಬ್ಬರ ಮಗ ಜೋರು ಮಾಡುತ್ತಿದ್ದಾನೆ. ಬರೆಯಬೇಕಾದ ದಾಖಲೆಗಳು ಮೇಜಿನ ಮೇಲೆ ಕಾದಿವೆ. ಇಂಥ ಸ್ಥಿತಿಯಲ್ಲಿ ಆಕೆಯ ಕೈ ತಪ್ಪಿದರೆ ಆ ಪಾಪವನ್ನು ಯಾರ ಲೆಕ್ಕಕ್ಕೆ ಬರೆಯೋಣ? ಇನ್ನೊಬ್ಬ ದಾದಿಯ ಸಂಬಳ ಉಳಿಸಿದ ಆಡಳಿತದ ಲೆಕ್ಕಕ್ಕಲ್ಲವೇ? ಪೋಪ್ ಎರಡನೆಯ ಜಾನ್ ಪೌಲರು 1987ರ ತಮ್ಮ ವಿಶ್ವಪತ್ರದಲ್ಲಿ ಪಾಪದ ರಚನೆಗಳ ಬಗ್ಗೆ ಎಚ್ಚರಿಸಿದರು. ಯಾರೋ ಕೆಲವರ ಸ್ವಾರ್ಥದಿಂದ ಹುಟ್ಟಿ, ಮುಂದೆ ಒಳ್ಳೆಯವರನ್ನೂ ತಪ್ಪಿಗೆ ನೂಕುವ ವ್ಯವಸ್ಥೆಗಳು ಅವು. ದಾದಿಗೆ ಕೈ ತೊಳೆಯಲು ಬಿಡುವು ಕೊಡದ ವಾರ್ಡು ಅಂಥದೊಂದು ರಚನೆ. ಅದನ್ನು ಹಾಗೆ ಕಟ್ಟಿ, ಸೋಂಕು ಹರಡಿದಾಗ ದಾದಿಗೆ ನೋಟಿಸು ಕೊಡುವವನು ಪಿಲಾತನ ಬೋಗುಣಿಯಲ್ಲೇ ಕೈ ತೊಳೆಯುತ್ತಿದ್ದಾನೆ.

'ಶುಶ್ರೂಷೆ ಒಂದು ಸೇವೆ, ದೇವಕರೆ. ಅದರಲ್ಲಿ ಸಂಬಳದ ಮಾತೇಕೆ?' ಎನ್ನುವವರಿದ್ದಾರೆ. ಸಮಾರಿಯದವನ ಸಾಮತಿಯನ್ನು ಕೊನೆಯವರೆಗೆ ಓದೋಣ. ಆತ ಗಾಯಾಳುವನ್ನು ಛತ್ರಕ್ಕೆ ಕರೆತಂದು, ಮಾರನೆಯ ದಿನ ಛತ್ರದವನ ಕೈಗೆ ಎರಡು ದೆನಾರಿ ನಾಣ್ಯ ಕೊಟ್ಟ. ಒಂದು ದೆನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಮಾತನ್ನೂ ಕೊಟ್ಟ. ಸಮಾರಿಯದವನು ತನ್ನ ಕರುಣೆಯ ಖರ್ಚನ್ನು ಛತ್ರದವನ ತಲೆಗೆ ಕಟ್ಟಲಿಲ್ಲ. ದಿನವಿಡೀ ಆ ಗಾಯಾಳುವನ್ನು ನೋಡಿಕೊಂಡ ಛತ್ರದವನೇ ಇಂದಿನ ನಮ್ಮ ದಾದಿ. ಅವಳಿಗೆ ಸಲ್ಲಬೇಕಾದುದು ನ್ಯಾಯ. ಅದನ್ನು ಸಲ್ಲಿಸದೆ ತ್ಯಾಗದ ಉಪದೇಶ ಮಾಡುವುದು ಸಲ್ಲದು.

ಈ ಮಾತು ನಮ್ಮ ದೇಶದ ನ್ಯಾಯಾಲಯವನ್ನೂ ಮುಟ್ಟಿದೆ. ತರಬೇತಿ ಪಡೆದ ದಾದಿಯರ ಸಂಘದ ಅರ್ಜಿಯ ಮೇಲೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿತು. ಅದರಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಇರಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ದಾದಿಯರಿಗೆ ಸರಿಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ. ನಿಮ್ಮ ಮನೆಯ ಮಗಳು ದಾದಿಯಾಗಿದ್ದರೆ ಅವಳ ಕೈಗೆ ಎಷ್ಟು ಬರುತ್ತಿದೆ ಎಂಬುದು ನಿಮಗೇ ಗೊತ್ತು.

ನಮ್ಮ ಧರ್ಮಸಭೆಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆ ಇದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಔಷಧಾಲಯ ಆರಂಭಿಸಿದರು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಸಂತ ಮಾರ್ಥರ ಆಸ್ಪತ್ರೆ ತೆರೆದರು. ನಾವು ದಾದಿಯನ್ನು ಇಂದಿಗೂ 'ಸಿಸ್ಟರ್' ಎಂದು ಕರೆಯುವುದು ಶುಶ್ರೂಷೆ ಕನ್ಯಾಸ್ತ್ರೀಯರ ಕೈಯಲ್ಲಿದ್ದ ಕಾಲದ ನೆನಪು. ಕನ್ಯಾಸ್ತ್ರೀಗೆ ಮಠ ಅನ್ನ, ಆಸರೆ ಕೊಡುತ್ತದೆ. ಆದರೆ ಇಂದಿನ ಸಿಸ್ಟರ್‌ಗೆ ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ಓದಿಗಾಗಿ ಮಾಡಿದ ಬ್ಯಾಂಕ್ ಸಾಲ ಎಲ್ಲವೂ ಇವೆ. ಕರೆಯುವ ಹೆಸರು ಉಳಿಸಿಕೊಂಡು, ಆಸರೆಯನ್ನು ಮಾತ್ರ ಮರೆತರೆ ಹೇಗೆ?

2018ರ ಮೇ ತಿಂಗಳಲ್ಲಿ ನೆರೆಯ ಕೇರಳದಲ್ಲಿ ನಿಪಾ ರೋಗ ಕಾಣಿಸಿಕೊಂಡಿತು. ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ, ಅದು ಯಾವ ರೋಗವೆಂದು ತಿಳಿಯುವ ಮೊದಲೇ ರೋಗಿಯ ಶುಶ್ರೂಷೆ ಮಾಡಿ, ಅದೇ ಸೋಂಕಿನಿಂದ ಪ್ರಾಣಬಿಟ್ಟರು. ಇಬ್ಬರು ಪುಟ್ಟ ಮಕ್ಕಳ ತಾಯಿ. ಆ ಸಲ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ಆಸ್ಪತ್ರೆಯಲ್ಲೇ ತಗುಲಿತ್ತು. 2020ರ ಮಾರ್ಚ್ 22ರಂದು ಕೊರೋನಾ ಕಾಲದಲ್ಲಿ ನಾವು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ದಾದಿಗೆ ಬಾಡಿಗೆ ಮನೆ ಖಾಲಿ ಮಾಡೆಂದವರೂ ನಮ್ಮ ನಡುವೆ ಇದ್ದರು. ಇಂಥವರ ತ್ಯಾಗವನ್ನು ಕೊಂಡಾಡುವುದು ಸುಲಭ. ಅಂಥ ತ್ಯಾಗದ ಅಗತ್ಯವೇ ಬೀಳದಂತೆ ಅವರಿಗೆ ಮಾಸ್ಕು, ಗ್ಲೌಸು, ವಿಶ್ರಾಂತಿ, ಸಾಕಷ್ಟು ಜೊತೆಗಾರರನ್ನು ಕೊಡುವುದು ಕಷ್ಟ. ಪ್ರೀತಿಯ ನಿಜವಾದ ಪರೀಕ್ಷೆ ಅಲ್ಲಿದೆ.

ನಮ್ಮ ಕೈಗಳ ವಿಚಾರ

ಪ್ರಿಯ ಕುಟುಂಬಗಳೇ, ಆಸ್ಪತ್ರೆಯನ್ನು ದೂರುವುದು ಸುಲಭ. ನಮ್ಮ ಕೈಗಳನ್ನೂ ನೋಡಿಕೊಳ್ಳೋಣ.

ರೋಗಿಯನ್ನು ಭೇಟಿಮಾಡುವುದು ಕರುಣೆಯ ಕಾರ್ಯ. ಆದರೆ ಹತ್ತು ಮಂದಿ ಒಟ್ಟಿಗೆ ನುಗ್ಗಿ, ಹಾಸಿಗೆಯ ಮೇಲೆ ಕುಳಿತು, ಕೂಸನ್ನೂ ಎತ್ತಿಕೊಂಡು ಬರುವುದು ಕರುಣೆಯಲ್ಲ. ನೆಗಡಿ ಕೆಮ್ಮು ಇದ್ದರೆ ಮನೆಯಲ್ಲೇ ಕುಳಿತು ಒಂದು ಜಪಸರ ಹೇಳಿ. ರೋಗಿಗೆ ಅದರಿಂದ ಹೆಚ್ಚು ಲಾಭ. ಹೋದಾಗ ಒಳಗೆ ಕಾಲಿಡುವ ಮುನ್ನವೂ ಹೊರಬಂದ ಮೇಲೂ ಕೈ ತೊಳೆಯಿರಿ. ದಾದಿ ಮರೆತಂತೆ ಕಂಡರೆ 'ಸಿಸ್ಟರ್, ಕೈ ತೊಳೆದುಕೊಂಡು ನೋಡ್ತೀರಾ?' ಎಂದು ಮೆಲ್ಲಗೆ ಕೇಳುವುದು ಅವಮಾನವಲ್ಲ. ಅದು ರೋಗಿಯ ಹಕ್ಕು. ಕೇಳಿಸಿಕೊಂಡವರು ಸಿಟ್ಟಾಗಬಾರದು. ಸೆಮ್ಮೆಲ್ವೈಸರ ಮೇಲೆ ಸಿಟ್ಟಾದವರ ಕಥೆ ನಮಗೆ ಗೊತ್ತಲ್ಲ.

ಜ್ವರ ಬಂದ ಕೂಡಲೆ 'ಒಂದು ಇಂಜೆಕ್ಷನ್ ಹಾಕಿ, ಒಂದು ಡ್ರಿಪ್ ಏರಿಸಿ' ಎಂದು ಒತ್ತಾಯಿಸುವ ಚಾಳಿಯನ್ನು ಬಿಡೋಣ. ಬೇಡದ ಪ್ರತಿಯೊಂದು ಸೂಜಿಯೂ ಸೋಂಕಿಗೆ ತೆರೆದ ಬಾಗಿಲು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ನುಂಗಬಾರದೆಂದು ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಇದನ್ನು ಜನರಿಗೆ ತಿಳಿಸಲು ಪ್ರಚಾರವನ್ನೇ ಕೈಗೊಂಡಿತು. ನಾವು ಮನಬಂದಂತೆ ನುಂಗಿ, ಅರ್ಧಕ್ಕೇ ಬಿಟ್ಟ ಆಂಟಿಬಯೋಟಿಕ್‌ನಿಂದ ಬಲಿತ ರೋಗಾಣು ನಾಳೆ ಯಾರದೋ ಮಗುವಿನ ಔಷಧಿಯನ್ನು ನಿರುಪಯೋಗಿ ಮಾಡುತ್ತದೆ. ಜೀವವೂ ಆರೋಗ್ಯವೂ ದೇವರು ವಹಿಸಿಕೊಟ್ಟ ಅಮೂಲ್ಯ ಕೊಡುಗೆಗಳು, ಇತರರ ಹಿತವನ್ನೂ ನೆನೆದು ಅವನ್ನು ಕಾಪಾಡಬೇಕು ಎಂದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ.

ಕೊನೆಯದಾಗಿ, ಸಮವಸ್ತ್ರವಿಲ್ಲದ ದಾದಿಯೊಬ್ಬಳು ಅನೇಕ ಮನೆಗಳಲ್ಲಿದ್ದಾಳೆ. ಹಾಸಿಗೆ ಹಿಡಿದ ಮಾವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಬಟ್ಟೆ ಬದಲಾಯಿಸುವ ಸೊಸೆ. ಆರು ತಿಂಗಳು ಮಲಗಿದ್ದರೂ ಮಾವನ ಬೆನ್ನಿನಲ್ಲಿ ಒಂದು ಹುಣ್ಣೂ ಆಗಿಲ್ಲ. ನೋಡಲು ಬಂದ ನೆಂಟರು "ಪರವಾಗಿಲ್ಲ, ಚೆನ್ನಾಗಿದ್ದಾರೆ" ಎಂದು ಕಾಫಿ ಕುಡಿದು ಹೋಗುತ್ತಾರೆ. ಆ ಆಗದ ಹುಣ್ಣಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆಯೆಂದು ಕೇಳಿದವರಿಲ್ಲ. ಮನೆಯ ಗಂಡಸರೇ, ನಿಮ್ಮ ತಂದೆಯ ಮಗ್ಗುಲನ್ನು ಒಂದು ರಾತ್ರಿಯಾದರೂ ನೀವೇ ಬದಲಾಯಿಸಿ.

ಫೆಬ್ರವರಿ 11ರಂದು ಲೂರ್ದು ಮಾತೆಯ ಸ್ಮರಣೆಯ ದಿನ ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ಆ ದಿನಗಳಿಗೆ ಕಾಯದೆ, ಈ ವಾರ ಕುಟುಂಬದ ಸಂಜೆಯ ಪ್ರಾರ್ಥನೆಯ ನಂತರ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ:

ನಮ್ಮ ಮನೆಯಲ್ಲಿ ಯಾರ ಆರೈಕೆ ಯಾರ ಕಣ್ಣಿಗೂ ಬೀಳದೆ ನಡೆದಿದೆ?

ನಾವು ಹೊಣೆ ಹೊರಬೇಕಾದಲ್ಲಿ ಕೈ ತೊಳೆದುಕೊಂಡದ್ದು ಎಲ್ಲಿ?

ನಮ್ಮ ಧರ್ಮಕೇಂದ್ರದ ದಾದಿಯರಿಗೆ ನಾವು ಏನು ಮಾಡಬಲ್ಲೆವು?

ಉತ್ತರ ದೊಡ್ಡದಾಗಿರಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಭಾನುವಾರದ ಪೂಜೆಗೆ ಬಂದು, ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗಿಯನ್ನು ಮುಂದಿನ ಸಲ ಕಂಡಾಗ ಮುಖ ಸಿಂಡರಿಸಬೇಡಿ. ಆಕೆ ರಾತ್ರಿಯಿಡೀ ಯಾರದೋ ಪಕ್ಕದಲ್ಲಿ ಎಚ್ಚರವಾಗಿದ್ದಳು. ಅಂತರಂಗವನ್ನು ಕಾಣುವ ತಂದೆ ಆಕೆಯನ್ನೂ, ಆಕೆ ಕಾಪಾಡಿದ ಎಲ್ಲರನ್ನೂ ಹರಸಲಿ.